ಸೆರಗಿನ ಮೇಲಿನ ಜೆಟ್ಟಿ

ನಾನು ಮಾತಿನ ನಡುವೆ ಸುಮ್ಮನಾದರೆ ಸಾಕು, ಚಳ್ಳಕೆರೆಯ ನಮ್ಮ ಓಣಿಯವರು "ಮದರ್ ಬೀ ಹಡಗು ಹತ್ತಿದ್ಲು" ಎಂದು ನಗುತ್ತಾರೆ. ನಗಲಿ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ? ನಮ್ಮ ಅಬ್ಬಾ ಸರ್ಕಾರಿ ಜನರೇಟರ್ ಮೆಕ್ಯಾನಿಕ್ ಆಗಿ ನಮ್ಮನ್ನೂ ಕರೆದುಕೊಂಡು ನಿಕೋಬಾರಿಗೆ ಹೋದಾಗ ನನಗೆ ಆರು ವರ್ಷ. ಇಲ್ಲಿ ಬಸ್ಸು ಊರಿಂದ ಊರಿಗೆ ನಿಲ್ಲುವ ಹಾಗೆ ಅಲ್ಲಿ ಹಡಗು ಹಟ್ ಬೇ, ಕಾರ್ ನಿಕೋಬಾರ್, ಕಮೋರ್ಟಾ ಎಂದು ದ್ವೀಪದಿಂದ ದ್ವೀಪಕ್ಕೆ ನಿಲ್ಲುತ್ತಿತ್ತು. ಕೊನೆಯ ದ್ವೀಪ ನಮ್ಮದು. ಹತ್ತೊಂಬತ್ತಕ್ಕೆ ಅಲ್ಲೇ ನಿಕಾ ಮಾಡಿ, ಅಬ್ಬಾ ನನ್ನನ್ನು ಸೋದರತ್ತೆಯ ಮಗ ಬುಡೇನ್ ಸಾಬ್ ಜೊತೆ ಈ ಬಿಸಿಲಿಗೆ ಕಳಿಸಿದರು. ಕೆಲವು ವರ್ಷಕ್ಕೆ ಅಬ್ಬಾ ಅಲ್ಲೇ ಮಣ್ಣಾದರು. ನಾನು ಮತ್ತೆ ಹೋಗಲಿಲ್ಲ.

ಸುನಾಮಿಯಲ್ಲಿ ಆ ಊರೇ ಮುಳುಗಿತು. ಓಣಿಯವರು ಎರಡು ದಿನ ಬಂದು ಕೇಳಿದರು, ಮೂರನೆಯ ದಿನ ಮರೆತರು. "ಅಲ್ಲಿ ನಮ್ಮೋರು ಯಾರೂ ಇಲ್ವಲ್ಲ, ಯಾಕೆ ಅಳ್ತೀಯಾ?" ಎಂದರು ನನ್ನ ಗಂಡ. ನನ್ನ ಬಳಿ ಒಂದು ಫೋಟೊ ಕೂಡ ಇರಲಿಲ್ಲ. ಒಂದು ಬೆಳಿಗ್ಗೆ, ಹಡಗು ಬಂದು ನಿಲ್ಲುತ್ತಿದ್ದ ಜೆಟ್ಟಿಗೆ ಎಷ್ಟು ಮೆಟ್ಟಿಲು ಎಂಬುದು ನೆನಪಾಗಲಿಲ್ಲ. ನಾನು ಮರೆತರೆ ಆ ಊರು ಇನ್ನೆಲ್ಲಿ ಉಳಿಯಬೇಕು?

ಮಗಳು ಫರ್ಜಾನಾಳ ಮದುವೆಗೆ ನನಗೊಂದು ಮೊಳಕಾಲ್ಮೂರು ಸೀರೆ ಎಂದು ಗಂಡ ಮೊದಲೇ ಮಾತು ಕೊಟ್ಟಿದ್ದರು. ದ್ವೀಪದ ನಮ್ಮ ಮನೆಯ ಹೊಸ್ತಿಲಿಂದ ಕಾಣುತ್ತಿದ್ದ ಕಡಲತೀರವನ್ನು ಸೆರಗಿಗೆಂದು ಕಾಗದದ ಮೇಲೆ ಬರೆದುಕೊಂಡು ನೇಕಾರ ಸೂರಪ್ಪಣ್ಣನ ಬಳಿ ಹೋದೆ. ಎಡಕ್ಕೆ ತೆಂಗು, ನಡುವೆ ಜೆಟ್ಟಿ, ಬಲಕ್ಕೆ ಲೈಟ್ ಹೌಸ್.

"ಜೆಟ್ಟಿ ಮ್ಯಾಲೆ ಒಬ್ಬ ಮನುಷ್ಯನ್ನ ನಿಲ್ಸಲೇನಮ್ಮಾ?" ಎಂದು ಕೇಳಿದ.

"ಬ್ಯಾಡಣ್ಣ. ನಮ್ಮಲ್ಲಿ ಬಟ್ಟೆ ಮ್ಯಾಲೆ ಮನುಷ್ಯರ ರೂಪ ಹಾಕಲ್ಲ."

ಎರಡು ತಿಂಗಳಾದ ಮೇಲೆ ಹೋದೆ. ಸೂರಪ್ಪಣ್ಣ ಹಿಗ್ಗಿನಿಂದ ಸೆರಗು ಹರವಿದ. ನನಗೆ ಮೈಯೆಲ್ಲ ಉರಿಯಿತು. ಲೈಟ್ ಹೌಸ್ ಎಡಕ್ಕಿತ್ತು, ತೆಂಗು ಬಲಕ್ಕೆ!

"ಏನಣ್ಣಾ ಇದು? ನಮ್ಮೂರನ್ನೇ ತಿರುಗಿಸಿ ಇಟ್ಟಿದೀಯಲ್ಲ!"

ಅವನು ನನ್ನ ಕೈಲಿದ್ದ ಸೆರಗನ್ನು ಮಗುಚಿ ನೋಡಿ ತಲೆ ಚಚ್ಚಿಕೊಂಡ. "ಅಯ್ಯೋ ದೇವುಡಾ! ನೇಯೋವಾಗ ನಮಗೆ ಕಾಣೋದು ಸೀರೆ ಹಿಂಭಾಗ. ಚಿತ್ರ ತಿರುಗಿಸ್ಕೊಂಡು ನೇಯ್ಬೇಕಿತ್ತು. ನಾವು ದಿನಾ ನೇಯೋ ಗೋಪುರ, ರುದ್ರಾಕ್ಷಿಗೆ ಎಡ-ಬಲ ಎಲ್ಲಿ ಐತಮ್ಮಾ? ಅದೇ ರೂಢಿ ಆಗ್ಬಿಟ್ಟೈತೆ. ಬ್ಯಾರೆ ನೇಯ್ದು ಕೊಡ್ತೀನಿ, ಕೊಡಿ ಇಲ್ಲಿ."

ಕೊಡಲು ಕೈ ಚಾಚಿದವಳು ಹಿಂತೆಗೆದೆ. ಲೈಟ್ ಹೌಸ್ ಎಡಕ್ಕೆ. ಹೀಗೆ ನಾನು ಊರನ್ನು ನೋಡಿದ್ದೆ, ಕಡೆಯ ಸಲ, ಮದುವೆಯಾದ ಮೂರನೆಯ ದಿನ, ಕಡಲಿಗೆ ಹೊರಟ ಹಡಗಿನ ಮೇಲೆ ದಡದತ್ತ ತಿರುಗಿ ನಿಂತು. ಅಬ್ಬಾ ಜೆಟ್ಟಿಯ ತುದಿಯಲ್ಲಿ ನಿಂತು ಕೈ ಬೀಸುತ್ತಲೇ ಇದ್ದರು. ಇಷ್ಟು ದೂರ ಕೊಟ್ಟರಲ್ಲ ಎಂಬ ಮುನಿಸಿನಲ್ಲಿ ನಾನು ಕೈ ಎತ್ತಲಿಲ್ಲ. ದ್ವೀಪದ ಕತೆ ನೂರು ಸಲ ಹೇಳಿದ್ದೇನೆ, ಇದನ್ನು ಮಾತ್ರ ಯಾರಿಗೂ ಹೇಳಿಲ್ಲ.

"ಯಾಕಮ್ಮಾ ಅಳ್ತೀರಿ? ತಪ್ಪಾಯ್ತು, ಕೊಡಿ."

"ಬ್ಯಾಡಣ್ಣ. ಇದೇ ಇರ್ಲಿ."

ಸೆರಗಿನ ಜೆಟ್ಟಿಯ ಮೇಲೆ ಯಾರೂ ಇರಲಿಲ್ಲ, ಬೇಡವೆಂದವಳು ನಾನೇ. ಸೂರಪ್ಪಣ್ಣ ನೋಡುತ್ತಿದ್ದ. ನೋಡಲಿ ಎಂದುಕೊಂಡು, ಆ ಖಾಲಿ ಜಾಗಕ್ಕೆ ಕೈ ಎತ್ತಿ ಬೀಸಿದೆ.