ಬಾಲಯೇಸುವಿಗೆ ಹೊದಿಸಿದ ಬಟ್ಟೆ

ನಾನು ಒಂದು ಹಳೆಯ ಹತ್ತಿ ಬಟ್ಟೆ. ಮೊದಲು ಅಜ್ಜಿಯ ಸೀರೆಯಾಗಿದ್ದೆ. ಒಗೆದು ಒಗೆದು ಮೆತ್ತಗಾದ ಮೇಲೆ ಲೂರ್ದಮ್ಮ ನನ್ನನ್ನು ಹರಿದು, ಅಂಚು ಹೊಲಿದು, ಹುಟ್ಟಲಿರುವ ಮಗುವಿಗೆಂದು ಮಡಿಸಿಟ್ಟಳು. ಹಸುಗೂಸಿನ ಮೈಗೆ ಹಳೆಯ ಬಟ್ಟೆಯೇ ಹಿತ.

ಮಳೆಗಾಲದಲ್ಲಿ ಮಗು ಬಂತು, ಉಳಿಯಲಿಲ್ಲ. ಆಸ್ಪತ್ರೆಯಲ್ಲೇ ಚರ್ಚಿನ ಸ್ವಾಮಿಯವರು ಸ್ನಾನದೀಕ್ಷೆ ಕೊಟ್ಟಾಗ ಅದರ ನೆತ್ತಿಯ ನೀರು ಒರೆಸಿದ್ದು ನಾನು. ಆದರೆ ಪುಟ್ಟ ಪೆಟ್ಟಿಗೆಯಲ್ಲಿ ಮಲಗಿಸುವಾಗ ಹೊಸ ಬಿಳಿ ಬಟ್ಟೆ ಹೊದಿಸಿದರು. ನಾನು ಮನೆಯಲ್ಲೇ ಉಳಿದೆ. ಅದರ ಅಕ್ಕ, ಪುಟ್ಟ ಸಿಸಿಲಿ, ಅಂದಿನಿಂದ ಪಾಪುವಿನ ಮಾತೇ ಎತ್ತಲಿಲ್ಲ. ಏನೋ ಕೇಳಲು ಬಾಯಿ ತೆರೆಯುತ್ತಾಳೆ, ಮುಚ್ಚಿಕೊಳ್ಳುತ್ತಾಳೆ. ಲೂರ್ದಮ್ಮ ಕೆದಕದೆ ಕಾಯುತ್ತಿದ್ದಳು. ಯಾರೂ ಬಳಸದ ನನ್ನನ್ನು ಮಾತ್ರ ಆಗಾಗ ಒಗೆಯುತ್ತಿದ್ದಳು.

ಅವತ್ತು ಬೆಳಿಗ್ಗೆಯೂ ಹಿಂಡುತ್ತಿದ್ದಳು. ಬೇಲಿಯಾಚೆಯಿಂದ ಚರ್ಚಿನ ಕೆಲಸ ನೋಡಿಕೊಳ್ಳುವ ಉಪದೇಶಿ ಚೌರಪ್ಪ ಕೂಗಿದ.

"ಲೂರ್ದಮ್ಮ, ಸಾಯಂಕಾಲ ಪೂಜೆ ಆದ್ಮೇಲೆ ಕ್ರಿಸ್ಮಸ್ ಗೋದಲಿ ಬಿಚ್ತೀವಿ. ಬಾಲಯೇಸೂನ ಸುತ್ತಿಡೋ ಬಟ್ಟೇನ ಇಲಿ ತಿಂದಾಕೈತೆ. ಅದಕ್ಕೂ ಹಬ್ಬ ಆಗ್ಬೇಕಲ್ಲ! ಮೆತ್ತಗಿರೋದು ಏನಾರ ಐತಾ?" ಅಷ್ಟರಲ್ಲಿ ನನ್ನನ್ನು ಕಂಡ. ದನಿ ಇಳಿಯಿತು. "ಅದ್ ಬ್ಯಾಡ ಕಣವ್ವ."

ಲೂರ್ದಮ್ಮ ನನ್ನನ್ನು ಕೊಡವಿ ಬೇಲಿಯ ಮೇಲೆ ಹರವಿದಳು.

"ಒಣಗಲಿ ಅಣ್ಣ. ಇದನ್ನೇ ತರ್ತೀನಿ."

ಹೊಸ್ತಿಲ ಮೇಲೆ ಕೂತಿದ್ದ ಸಿಸಿಲಿ ಎಲ್ಲವನ್ನೂ ಕೇಳಿಸಿಕೊಂಡಳು.

ಸಾಯಂಕಾಲ ಚರ್ಚಿನಲ್ಲಿ ಯೇಸುವಿನ ಸ್ನಾನದೀಕ್ಷೆಯ ಹಬ್ಬದ ಪೂಜೆ. ಕ್ರಿಸ್ಮಸ್ ಕಾಲದ ಕೊನೆಯ ಹಾಡು ಮುಗಿದ ಮೇಲೆ ಜನ ಒಬ್ಬೊಬ್ಬರಾಗಿ ಬಾಲಯೇಸುವಿನ ಪುಟ್ಟ ಪ್ರತಿಮೆಯ ಪಾದಕ್ಕೆ ಮುತ್ತಿಟ್ಟರು. ಪ್ರತಿ ಮುತ್ತಿನ ನಂತರವೂ ಲೂರ್ದಮ್ಮ ನನ್ನಿಂದ ಪಾದ ಒರೆಸಿದಳು. ಕೊನೆಗೆ ನನ್ನನ್ನು ಹಾಸಿ, ಬಾಲಯೇಸುವನ್ನು ಮಲಗಿಸಿ, ಕೂಸನ್ನು ಸುತ್ತುವ ಹಾಗೆಯೇ ಸುತ್ತಿದಳು. ಬೇವಿನ ಸೊಪ್ಪು ಹಾಕಿದ ಮರದ ಪೆಟ್ಟಿಗೆಗೆ ಇಳಿಸಿದಳು.

ಹೋದ ವರ್ಷ ಇದೇ ಪೆಟ್ಟಿಗೆ ಮುಚ್ಚುವಾಗ ಸಿಸಿಲಿ ಗೋಳೋ ಎಂದು ಅತ್ತಿದ್ದಳಂತೆ. ಚೌರಪ್ಪ ಅದನ್ನು ನೆನೆದು ನಕ್ಕ.

"ಈ ಸಲ ಅಳಲ್ವೇನವ್ವಾ? ನಿಮ್ಮಮ್ಮ ಏನ್ ಹೇಳಿದ್ಲು ನೆನಪೈತಾ? ಮುಂದಿನ ಹಬ್ಬಕ್ಕೆ ಬಾಲಯೇಸೂನ ಮತ್ತೆ ಎತ್ಕೊಂಡ್ ಬರ್ತಾರೆ ಅಂತ. ಬಂದ್ನಾ ಇಲ್ವಾ?"

ಬಂದಿದ್ದ. ಸಿಸಿಲಿ ತಲೆಯಾಡಿಸಿದಳು.

ನನಗೂ ವಯಸ್ಸಾಯಿತು. ಇನ್ನು ಈ ಪೆಟ್ಟಿಗೆಯೇ ನನ್ನ ಮೂಲೆ. ಮಗುವೊಂದನ್ನು ಬೆಚ್ಚಗಿಡಲೆಂದು ಹೊಲಿದಿದ್ದರು. ಆ ಕೆಲಸ ತಡವಾಗಿಯಾದರೂ ಸಿಕ್ಕಿತು.

ಮುಚ್ಚಳ ಇಳಿಯುತ್ತಿತ್ತು. ಪುಟ್ಟ ಕೈಯೊಂದು ಅದನ್ನು ತಡೆದು, ನನ್ನ ಅಂಚನ್ನು ಮೆಲ್ಲಗೆ ಸವರಿತು.

"ಅಮ್ಮಾ, ನಮ್ ಪಾಪೂನ ಯಾವ ಹಬ್ಬಕ್ಕೆ ಎತ್ಕೊಂಡ್ ಬರ್ತಾರೆ?"