ಏಳು ಅಂದರೆ ಏಳಬೇಕು

ಮುರಿದ ಮಗ್ಗದ ಒಂದು ಹಲಗೆ, ನಾಲ್ಕು ಮೊಳೆ, ಬಡಿಗನಿಗೆ ಹೊಟ್ಟೆ ತುಂಬ ಊಟ. ನನಗೆ ತಗುಲಿದ ಖರ್ಚು ಇಷ್ಟೇ. ನಾನು ಗುಳೇದಗುಡ್ಡದ ನೇಕಾರರ ಓಣಿಯ ಒಂದು ಮಣೆ. ಭಾಗವ್ವನ ಮಗನ ಮದುವೆಗೆಂದು ಹುಟ್ಟಿದೆ. ಆ ಮಗ, ಸೊಸೆ ಇಬ್ಬರೂ ಒಂದೇ ಅಪಘಾತದಲ್ಲಿ ಹೋದರು. ಅವರ ಮಗಳು ಚಂಪಾ ಅಜ್ಜಿಯ ಮಡಿಲಿಗೆ ಬಂದಳು.

ದೀಪಾವಳಿಗೆ ಹುಡುಗಿಯ ಸೋದರಮಾವ ಮಾಂತೇಶ ಬಂದ. ಅವನಿಗೆ ಬೇಕಾದದ್ದು ತಂಗಿಯ ಮಗಳಲ್ಲ, ತನ್ನ ಖಾನಾವಳಿಯಲ್ಲಿ ಪಾತ್ರೆ ತಿಕ್ಕುವ ಎರಡು ಕೈ. ಭಾಗವ್ವ ನನ್ನ ಮೇಲೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಅವನನ್ನು ಕಂಡು ಏಳಹೋದವಳು ಮೊಣಕಾಲು ಹಿಡಿದು ಪಕ್ಕಕ್ಕೆ ಕುಸಿದಳು.

"ಮಣಿ ಬಿಟ್ಟು ಏಳಾಕ ಬರಾಂಗಿಲ್ಲ, ಹುಡುಗಿ ಸಾಕ್ತಿಯೇನ ಅತ್ತಿ? ಯುಗಾದಿಗೆ ಹಿರಿಯಾರ್ನ ಕರ್ಕೊಂಡು ಬರ್ತೀನಿ. ಆಗೂ ಹಿಂಗ ಇದ್ರ ಹುಡುಗಿ ನಮ್ಮನಿಗೆ."

ಹೋಗುವಾಗ ಅಡ್ಡವಿದ್ದ ನನ್ನನ್ನು ಒದ್ದ. ಗೋಡೆಗೆ ಬಡಿದು ನನ್ನ ಒಂದು ಮೂಲೆ ಸೀಳಿ ಬಿತ್ತು. ಇವನು ಒಮ್ಮೆ ನನ್ನ ಮೇಲೆ ಕೂರಲಿ, ಎಂದು ಅಂದೇ ಹಟ ಹಿಡಿದೆ.

ಓಣಿಯ ಆಶಾ ಕಾರ್ಯಕರ್ತೆ ಉಪಾಯ ಹೇಳಿಕೊಟ್ಟಳು. ಇಟ್ಟಂಗಿ ಪೇರಿಸಿ ನನ್ನನ್ನು ಎತ್ತರ ಮಾಡಿ, ಕೈ ಊರದೆ ಕೂತು ಏಳುವುದು. ಕಾಲಿಗೆ ಬಲ ಬಂದಂತೆಲ್ಲ ಒಂದೊಂದು ಇಟ್ಟಂಗಿ ತೆಗೆಯುವುದು. ಎಣಿಸುವವಳು ಚಂಪಾ. ಐದಕ್ಕೇ ಭಾಗವ್ವ ಸೋತು ಕೂತುಬಿಡುತ್ತಿದ್ದಳು.

"ಏಳು!" ಎಂದು ಹುಡುಗಿ ಚೀರುವಳು.

"ಆರು ಎಲ್ಲಿ ಹೋತ?"

"ನುಂಗೀನಿ. ಏಳು ಅಂದ್ರ ಏಳಬೇಕ ಆಯಿ!"

ನಗುತ್ತ, ಮಾಂತೇಶನ ಹೆಸರನ್ನು ಹಲ್ಲಲ್ಲಿ ಕಡಿಯುತ್ತ ಅಜ್ಜಿ ಏಳುವಳು. ಮೈಭಾರ ಇಳಿಯಲೆಂದು ಚಹಾಕ್ಕೆ ಸಕ್ಕರೆ ಹಾಕುವುದನ್ನೂ ಬಿಟ್ಟಳು. ಶಿವರಾತ್ರಿ ಹೊತ್ತಿಗೆ ಕೊನೆಯ ಇಟ್ಟಂಗಿಯೂ ಹಿತ್ತಲು ಸೇರಿತು.

ಯುಗಾದಿಗೆ ಮಾಂತೇಶ ಹಿರಿಯರೊಂದಿಗೆ ಬಂದ. ಉಂಡು ಬಂದಿದ್ದ ಹಿರಿಯರಿಗೆ ಭಾಗವ್ವ ಕುರ್ಚಿ ಹಾಕಿದಳು, ಅವನಿಗೆ ನನ್ನನ್ನು.

"ಬೀಗರಿಗೆ ಮಣಿ ಹಾಕೂದು ನಮ್ಮ ಪದ್ಧತಿ."

ಬೇಡವೆನ್ನಲು ಅವನಿಗೆ ಮರ್ಯಾದೆ ಅಡ್ಡ ಬಂತು. ಅವಳು ಕುಕ್ಕರಗಾಲಲ್ಲಿ ಕೂತು ಬಡಿಸಿ ಎದ್ದಳು, ಮತ್ತೆ ಕೂತಳು, ಮತ್ತೆ ಎದ್ದಳು. ಹೋಳಿಗೆಯ ಮೇಲೆ ಹೋಳಿಗೆ, ತುಪ್ಪದ ಮೇಲೆ ತುಪ್ಪ. ಹಿರಿಯರ ಕಣ್ಣು ಅವಳ ಮೊಣಕಾಲ ಮೇಲೇ ಇತ್ತು.

ಉಂಡು ಮಾಂತೇಶ ಏಳಹೋದ. ಹೊಟ್ಟೆ ಬಿಡಲಿಲ್ಲ, ಬೈಕು ಬಿಟ್ಟು ನಡೆದು ಗೊತ್ತಿಲ್ಲದ ಕಾಲು ಜೋಮು ಹಿಡಿದಿತ್ತು. ನಾನು ಕೂದಲೆಳೆಯಷ್ಟೂ ಎತ್ತರವಾಗಲಿಲ್ಲ.

"ಐದು, ಆರು, ಏಳು!" ಚಂಪಾ ಕೂಗಿದಳು.

ಅವನು ಏಳಲಿಲ್ಲ.

"ಮಣಿ ಬಿಟ್ಟು ಏಳಾಕ ಬರಾಂಗಿಲ್ಲ, ಹುಡುಗಿ ಸಾಕ್ತಿಯೇನ ಮಾಂತೇಶಪ್ಪಾ?" ಎಂದು ಭಾಗವ್ವ ಕೈ ಕೊಟ್ಟು ಎಬ್ಬಿಸಿದಳು. ಅವನ ಎಂಜಲು ಕೈಯನ್ನೇ ಹಿಡಿದಳು.

"ಹುಡುಗಿ ಇಲ್ಲೇ ಇರ್ಲಿ ಬಿಡಪಾ," ಎಂದರು ಹಿರಿಯರು, ನಗು ತಡೆಯಲಾರದೆ.

ಈಗ ನಾನು ಹಿತ್ತಲಲ್ಲಿ ಕೊಡ ಹೊತ್ತು ಕೂತಿದ್ದೇನೆ. ಗೆದ್ದಲು ಹಿಡಿದಿದೆ. ನನ್ನದೊಂದು ಮೂಲೆ ಹೋಯಿತು. ಚಂಪಾ ಉಳಿದಳು.