ಲಾಂಡ್ರಿ ಅಕ್ಕನ ಕಾಲೇಜು ಅರ್ಜಿ

ಅರ್ಜಿಯ ಮೊದಲ ಮೂರು ಪುಟ ತುಂಬಿಸಲು ಅವಳಿಗೆ ಅರ್ಧ ಗಂಟೆಯೂ ಬೇಕಾಗಲಿಲ್ಲ. ನಾಲ್ಕನೆಯ ಪುಟಕ್ಕೆ ಬಂದು ಪೆನ್ನು ನಿಂತಿತು. ‘ಈ ಕೋರ್ಸಿಗೆ ಏಕೆ ಸೇರಬಯಸುತ್ತೀರಿ? ಮುನ್ನೂರು ಪದಗಳಲ್ಲಿ ಬರೆಯಿರಿ’ ಎಂದಿತ್ತು. ಕೆಳಗೆ ಬರೀ ಗೆರೆಗಳು.

ಅವಳು ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಹನ್ನೊಂದು ವರ್ಷದಿಂದ ಬಟ್ಟೆ ಒಗೆಯುವವಳು. ಅಲ್ಲಿ ಎಲ್ಲರಿಗೂ ಅವಳು ಲಾಂಡ್ರಿ ಅಕ್ಕ. ಆಸ್ಪತ್ರೆಗಳಲ್ಲಿ ಸೋಂಕು ಹರಡದಂತೆ ತಡೆಯುವುದನ್ನು ಕಲಿಸುವ ಡಿಪ್ಲೊಮಾ ಒಂದು ಹತ್ತಿರದ ಕಾಲೇಜಿನಲ್ಲಿ ಶುರುವಾಗಿತ್ತು. ವಯಸ್ಸಿನ ಮಿತಿ ಇಲ್ಲವೆಂದು ತಿಳಿದ ದಿನವೇ ಅವಳು ಅರ್ಜಿ ತಂದಿದ್ದಳು. ಕೊನೆಯ ದಿನಕ್ಕೆ ಇನ್ನು ಒಂದೇ ವಾರ ಉಳಿದಿತ್ತು.

“ಕೊಡಮ್ಮ ಇಲ್ಲಿ, ಒಂದು ನಿಮಿಷದ ಕೆಲಸ,” ಎಂದಳು ಒಂಬತ್ತನೇ ಕ್ಲಾಸಿನ ಮಗಳು. ಅಮ್ಮನ ಮೊಬೈಲಿನಲ್ಲಿ ಎಐ ತೆರೆದು ಕೋರ್ಸಿನ ಹೆಸರು ಹಾಕಿದಳು. ಮುನ್ನೂರು ಪದ ಸರಸರನೆ ಇಳಿದು ಬಂತು. ಮಗಳು ಗಟ್ಟಿಯಾಗಿ ಓದಿದಳು: “ಬಾಲ್ಯದಿಂದಲೂ ಮನುಕುಲದ ಸೇವೆಯೇ ನನ್ನ ಕನಸಾಗಿತ್ತು...”

ಬಸ್ ಓಡಿಸಿ ಬಂದು ಕಾಲು ಚಾಚಿ ಕೂತಿದ್ದ ಗಂಡ ನಕ್ಕುಬಿಟ್ಟ. “ಯಾರಮ್ಮ ಈ ಮಹಾತಾಯಿ? ಬಾಲ್ಯದಲ್ಲಿ ನಿಮ್ಮಮ್ಮ ಸ್ಕೂಲ್ ಕಾಂಪೌಂಡ್ ಹಾರಿ ಓಡಿಹೋಗ್ತಿದ್ಳಂತೆ!” ಆಮೇಲೆ ಅವನ ಮುಖ ಬಿಗಿಯಾಯಿತು. “ಬೇಡ ಕಣೇ, ಇದೆಲ್ಲ ಕಳ್ಳಾಟ. ಕಾಲೇಜಿನವ್ರಿಗೆ ಗೊತ್ತಾದ್ರೆ ಸೀಟೂ ಇಲ್ಲ, ಮರ್ಯಾದೆನೂ ಇಲ್ಲ. ಅಷ್ಟಕ್ಕೂ ಈ ವಯಸ್ಸಲ್ಲಿ ಕಾಲೇಜು ಯಾಕೆ?”

ಕೊನೆಯ ಮಾತು ಅವಳಿಗೆ ಚುರುಕ್ಕೆಂದಿತು. ಅವಳು ಅರ್ಜಿಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡಳು.

ಮರುದಿನ ಡ್ಯೂಟಿ ಮುಗಿಸಿ ನೇರ ಸಾರ್ವಜನಿಕ ಲೈಬ್ರರಿಗೆ ಹೊರಟಳು. ಅಲ್ಲಿನ ಮೇಡಂ ಅರ್ಜಿ ತುಂಬಲು ಸಹಾಯ ಮಾಡುತ್ತಾರೆಂದು ನರ್ಸ್ ಒಬ್ಬರು ಹೇಳಿದ್ದರು. “ಅವ್ರೇನು ಹೇಳ್ತಾರೋ ನೋಡೇಬಿಡೋಣ,” ಎಂದು ಗಂಡನೂ ಆಸ್ಪತ್ರೆ ಗೇಟಿನ ಹತ್ತಿರ ಬಂದು ಸೇರಿಕೊಂಡ.

ಮೇಡಂ ಮೊಬೈಲಿನ ಬರಹ ಓದಿದರು. “ಭಾಷೆ ಚೆನ್ನಾಗಿದೆ. ಆದ್ರೆ ಇದರಲ್ಲಿ ನೀವೇ ಇಲ್ವಲ್ಲ ಅಕ್ಕ?”

“ನಾನೂ ಅದನ್ನೇ ಹೇಳಿದ್ದು,” ಎಂದ ಗಂಡ, ಗೆದ್ದವನಂತೆ. “ಈ ಎಐ ಸಹವಾಸವೇ ಬೇಡ ಅಂತ.”

“ಹಾಗಲ್ಲ ಅಣ್ಣ. ‘ಬರೆದುಕೊಡು’ ಅಂದ್ರೆ ಅದು ಎಲ್ಲರಿಗೂ ಹೆಚ್ಚುಕಮ್ಮಿ ಒಂದೇ ಕಥೆ ಬರೆದುಕೊಡುತ್ತೆ. ‘ನನ್ನನ್ನ ಪ್ರಶ್ನೆ ಕೇಳು’ ಅಂದು ನೋಡಿ, ಆಗ ಅದರ ಗಮ್ಮತ್ತು ಗೊತ್ತಾಗುತ್ತೆ. ಆದ್ರೆ ಮೊದಲು ಕಾಲೇಜು ಇದಕ್ಕೆ ಒಪ್ಪುತ್ತಾ ನೋಡೋಣ. ಕೆಲವು ಕಡೆ ಒಪ್ಪಲ್ಲ.”

ಎಐ ನೆರವು ಪಡೆಯಬಹುದು, ಯಾವುದಕ್ಕೆ ಪಡೆದಿರೆಂದು ತಿಳಿಸಬೇಕು ಎಂದು ಅರ್ಜಿಯ ಜೊತೆ ಕೊಟ್ಟಿದ್ದ ಕಾಲೇಜಿನ ನಿಯಮ ಪುಸ್ತಕದಲ್ಲಿತ್ತು. ಮೇಡಂ ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದರು. “ಹೆಸರು, ಫೋನ್ ನಂಬರು, ಗುರುತಿನ ಚೀಟಿ ನಂಬರು ಯಾವುದನ್ನೂ ಇದಕ್ಕೆ ಕೊಡಬೇಡಿ. ಮಿಕ್ಕಿದ್ದು ಧೈರ್ಯವಾಗಿ ಮಾತಾಡಿ.”

ಅವಳು ಮೈಕಿಗೆ ಹೇಳಿದಳು: “ನಾನು ಆಸ್ಪತ್ರೆ ಲಾಂಡ್ರಿಯವಳು. ಕಾಲೇಜಿಗೆ ಅರ್ಜಿ ಹಾಕ್ತಿದೀನಿ. ನೀನು ಬರೀಬೇಡ, ಒಂದೊಂದಾಗಿ ಪ್ರಶ್ನೆ ಕೇಳು.”

ಅದು ಕೇಳುತ್ತಾ ಹೋಯಿತು. ಯಾವ ವಾರ್ಡಿನ ಬಟ್ಟೆಯನ್ನು ಬೇರೆ ಇಡುತ್ತೀರಿ? ಏಕೆ? ನೀರು ಎಷ್ಟು ಬಿಸಿ ಇರಬೇಕು? ಅವಳು ತಡವರಿಸಿದರೆ ಕಾಯಿತು. ಅರ್ಥವಾಗಲಿಲ್ಲ ಎಂದರೆ ಬೇಸರವಿಲ್ಲದೆ ಇನ್ನೂ ಸುಲಭವಾಗಿ ಕೇಳಿತು. ಆಮೇಲೆ ಬಂತು ಆ ಪ್ರಶ್ನೆ: ‘ನಿಮ್ಮಿಂದ ಅಲ್ಲಿ ಏನಾದರೂ ಬದಲಾಗಿದೆಯೇ?’

“ನನ್ನಿಂದ ಏನು ಬದಲಾಗುತ್ತೆ...” ಎಂದವಳು ತಡೆದಳು. “ಒಂದಿದೆ. ದೊಡ್ಡದೇನಲ್ಲ. ಹಾಸಿಗೆ ಬಟ್ಟೆಯೊಳಗೆ ಇಂಜೆಕ್ಷನ್ ಸೂಜಿ ಬರ್ತಿದ್ವು. ನಮ್ಮ ಜೊತೆಯವಳೊಬ್ಬಳಿಗೆ ಚುಚ್ಚಿ, ಸೋಂಕು ತಗುಲಿತೇನೋ ಅಂತ ಆರು ತಿಂಗಳು ಹೆದರಿಕೊಂಡೇ ಇದ್ಳು. ಆಗ ನಾನು ಯಾವ ವಾರ್ಡಿನ ಬಟ್ಟೆ ಗಂಟಲ್ಲಿ ಎಷ್ಟು ಸೂಜಿ ಅಂತ ರಟ್ಟಿನ ಮೇಲೆ ಗೀಟು ಹಾಕ್ತಾ ಬಂದೆ. ಎಲ್ಲಾ ಒಂದೇ ವಾರ್ಡಿಂದು. ಅಲ್ಲಿ ಸೂಜಿ ಹಾಕೋ ಡಬ್ಬ ದೂರ, ಬಾಗಿಲ ಹತ್ರ ಇತ್ತು, ಅದಕ್ಕೇ ಸೂಜಿ ಹಾಸಿಗೆ ಮೇಲೇ ಉಳೀತಿತ್ತು. ಹೆಡ್ ನರ್ಸಿಗೆ ತೋರಿಸಿದೆ. ಡಬ್ಬನ ಮಂಚದ ಪಕ್ಕಕ್ಕೆ ತಂದ್ರು. ನಾಲ್ಕು ವರ್ಷ ಆಯ್ತು, ಆಮೇಲೆ ಯಾರಿಗೂ ಚುಚ್ಚಿಲ್ಲ.”

ಗಂಡ ಅವಳನ್ನೇ ನೋಡಿದ. “ಇದನ್ನ ನನಗೆ ಯಾವತ್ತೂ ಹೇಳೇ ಇಲ್ವಲ್ಲೇ?”

“ನೀವು ಯಾವತ್ತೂ ಕೇಳ್ಲಿಲ್ವಲ್ಲ ರೀ.”

ಅವತ್ತು ಅವಳು ಕಂಪ್ಯೂಟರಿನಲ್ಲಿ ತನ್ನ ಕೈಯಾರೆ ಬರೆದಳು. ಎಐ ಕಾಗುಣಿತ ತಿದ್ದಿತು, ಎರಡೆರಡು ಸಲ ಬಂದ ಮಾತನ್ನು ತೋರಿಸಿತು. ‘ನೂರಾರು ಜೀವ ಉಳಿಸಿದೆ’ ಎಂದು ಅದು ಒಂದು ಸಾಲು ಸೇರಿಸಿದಾಗ ಅವಳೇ ಅಳಿಸಿದಳು. “ಅಷ್ಟೆಲ್ಲ ನಾನು ಮಾಡಿಲ್ಲಪ್ಪ.”

ಅರ್ಜಿಯ ಜೊತೆ ಇಡಬೇಕಾದ ಕೆಲಸದ ಅನುಭವ ಪತ್ರಕ್ಕೆ ಅವಳದೇ ಸಹಿ ಸಾಕು ಎಂದೂ ಅದು ಹೇಳಿತು. ಮೇಡಂ ನಿಯಮ ಪುಸ್ತಕದ ಮೇಲೆ ಬೆರಳಿಟ್ಟರು. ಆಸ್ಪತ್ರೆಯ ಸಹಿ ಮತ್ತು ಮೊಹರು ಬೇಕೆಂದು ಅಲ್ಲಿತ್ತು. “ನೋಡಿದ್ರಾ? ಇದು ಜಾಣ, ಆದ್ರೆ ಕೆಲವು ಸಲ ತಪ್ಪನ್ನೂ ಅಷ್ಟೇ ಧೈರ್ಯವಾಗಿ ಹೇಳುತ್ತೆ. ತಾರೀಖು, ದಾಖಲೆ ವಿಷಯದಲ್ಲಿ ಕಾಲೇಜು ಹೇಳಿದ್ದೇ ಕೊನೆ.”

ಸಂದರ್ಶನದ ದಿನ ಮೂವರು ಅಧ್ಯಾಪಕರು ಕೂತಿದ್ದರು. ಹಿರಿಯವರು ಕೇಳಿದರು: “ಎಐ ಬಳಸಿದ್ದೀನಿ ಅಂತ ಬರೆದಿದ್ದೀರಿ. ಇದರಲ್ಲಿ ನಿಮ್ಮದು ಯಾವುದು?”

“ಪ್ರಶ್ನೆ ಕೇಳಿದ್ದು ಅದು, ಕಾಗುಣಿತ ತಿದ್ದಿದ್ದೂ ಅದು. ಸೂಜಿ ಎಣಿಸಿದ್ದು ನಾನು ಸಾರ್.”

ಡಬ್ಬ ಎಷ್ಟು ಎತ್ತರದಲ್ಲಿರಬೇಕು ಎಂದು ಅವರು ಕೇಳಿದಾಗ ಅವಳು ಕುರ್ಚಿಯಿಂದ ಎದ್ದು ಕೈಯಲ್ಲಿ ಅಳತೆ ತೋರಿಸಿದಳು. ಹತ್ತು ನಿಮಿಷದ ಸಂದರ್ಶನ ಅರ್ಧ ಗಂಟೆ ನಡೆಯಿತು. ಹದಿನೈದು ದಿನಕ್ಕೆ ಸೀಟು ಸಿಕ್ಕ ಪತ್ರ ಬಂತು. ಆ ಪತ್ರವನ್ನು ಗಂಡ ಬಸ್ ಡಿಪೋಗೆ ಒಯ್ದು ಸಿಕ್ಕಸಿಕ್ಕವರಿಗೆಲ್ಲ ತೋರಿಸಿದ. ಮಗನ ಕಾಲೇಜು ಅರ್ಜಿ ಹಿಡಿದು ಒದ್ದಾಡುತ್ತಿದ್ದ ಕಂಡಕ್ಟರನಿಗೆ, “ಭಾನುವಾರ ಹುಡುಗನ್ನ ಲೈಬ್ರರಿಗೆ ಕಳಿಸು ಮಾರಾಯ, ನಾನೂ ಬರ್ತೀನಿ,” ಎಂದ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಯಾರೋ ಕಾಲೇಜಿನ ಅರ್ಜಿ ಮುಂದಿಟ್ಟುಕೊಂಡು ಕೂತಿರಬಹುದು. ಎಐ ಕಂಡು ಹೆದರಬೇಡಿ, ನಾಚಬೇಡಿ. ಕಾಲೇಜು ಒಪ್ಪಿದರೆ ಅದನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಬಳಸಿದ್ದನ್ನು ಮುಚ್ಚಿಡಬೇಡಿ, ಅದು ಹೇಳಿದ್ದನ್ನು ಕಾಲೇಜಿನ ಪುಸ್ತಕದಲ್ಲಿ ನೋಡಿಕೊಳ್ಳಿ. ಬರೆಯುವಾಗ ಮಾತ್ರ ಪೆನ್ನು ನಿಮ್ಮ ಕೈಯಲ್ಲೇ ಇರಲಿ. ನೀವು ‘ದೊಡ್ಡದೇನಲ್ಲ’ ಎಂದುಕೊಂಡಿರುವ ಆ ಕೆಲಸವನ್ನೇ ಮೊದಲು ಬರೆಯಿರಿ.